ಮೂಗಕ್ಕನ ಐದು ಗ್ಲಾಸು

ಅವಳು ಬೆಂಕಿಕಡ್ಡಿ ಗೀರಲು ಕೈ ಎತ್ತಿದ್ದಳು. ಅಷ್ಟರಲ್ಲಿ ತಂಗಿ ಓಡಿ ಬಂದು ಮಣಿಕಟ್ಟು ಹಿಡಿದುಕೊಂಡಳು. ಕಡ್ಡಿಯನ್ನು ಕಿತ್ತು ಸಿಂಕಿಗೆ ಎಸೆದಳು, ಒಲೆಯ ಗುಂಡಿ ತಿರುಗಿಸಿದಳು, ಎರಡೂ ಕಿಟಕಿ ತೆರೆದಳು. ಆಮೇಲೆ ಅಕ್ಕನ ತೋಳು ಹಿಡಿದು ಹೊರಗಿನ ಮೆಟ್ಟಿಲವರೆಗೆ ಎಳೆದುಕೊಂಡು ಹೋಗಿ ಕೂರಿಸಿದಳು.

"ಗ್ಯಾಸ್ ಕಣೇ," ಎಂದಳು, ಉಸಿರು ಸಿಕ್ಕ ಮೇಲೆ. "ಕೆಳಗಿನ ಮೆಟ್ಟಿಲ ತನಕ ಗಬ್ಬು ನಾರ್ತಿದೆ. ನಿನಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಟೀ ಕಾಸೋಣವೆಂದು ಒಲೆಯ ಗುಂಡಿ ತಿರುಗಿಸಿ, ಬೆಂಕಿಪೊಟ್ಟಣ ಹುಡುಕಲು ಹೋದವಳು ಮೇಜಿನ ಮೇಲಿದ್ದ ಹಳೆಯ ಟಿಪ್ಪಣಿ ಪುಸ್ತಕ ಕಂಡು ಅಲ್ಲೇ ಕೂತುಬಿಟ್ಟಿದ್ದಳು. ರೇಡಿಯೋ ಹಾಡುತ್ತಿತ್ತು. ಕಾಲು ಗಂಟೆ ಅದೇ ಅಡುಗೆಮನೆಯ ಗಾಳಿ ಕುಡಿದಿದ್ದಳು. ಅವಳ ಮೂಗಿಗೆ ಏನೂ ತಾಕಿರಲಿಲ್ಲ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಹೆದರಿಕೆ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಅಲ್ಲಿಂದ ಶುರುವಾಯಿತು. ಯಾಕೆಂದರೆ ಅವಳ ಹೊಟ್ಟೆಪಾಡು ಆ ಮೂಗಿನದು. ಹಳೆಯ ವೈನ್ ಹರಾಜು ಹಾಕುವ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ರುಚಿ ನೋಡುವ ಕೆಲಸ. ಅದರಲ್ಲೂ ಶಾಂಪೇನ್. ಯಾವ ಬಾಟಲಿ ಇನ್ನೂ ಬದುಕಿದೆ, ಯಾವುದು ಸತ್ತಿದೆ ಎಂದು ಅವಳು ಹೇಳಬೇಕು. ಅವಳ ಮಾತನ್ನು ಕಂಪನಿ ಹಾಗೆಯೇ ಪಟ್ಟಿಯಲ್ಲಿ ಅಚ್ಚು ಹಾಕುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಕರೆಯುವುದು ಮೂಗಕ್ಕ ಎಂದು. ಹೊಸಬರು ಯಾರಾದರೂ ಆ ಹೆಸರು ಕೇಳಿ ಪಾಪ, ಮಾತು ಬಾರದವಳೇನೋ ಎಂದುಕೊಂಡು ಕೈಸನ್ನೆ ಮಾಡಿದರೆ ಆಫೀಸಿಗೆ ಆಫೀಸೇ ನಗುತ್ತಿತ್ತು.

ಹಿಂದಿನ ವಾರ ಮೂರು ದಿನ ಜ್ವರ ಬಂದಿತ್ತು. ಬಿಟ್ಟ ಮೇಲೂ ಮೂಗು ಕಟ್ಟಿದೆ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಮೂಗು ಕಟ್ಟಿರಲಿಲ್ಲ. ಗಾಳಿ ಸಲೀಸಾಗಿ ಒಳಗೆ ಹೋಗುತ್ತಿತ್ತು, ಏನನ್ನೂ ತರದೆ. ಆ ಸಂಜೆ ಮನೆಯೊಳಗೆ ಬಂದವಳೇ ಈರುಳ್ಳಿ ಹೆಚ್ಚಿ ಮೂಸಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಸೋಪು, ಸೀಮೆಎಣ್ಣೆ, ಕೊನೆಗೆ ತಂಗಿಯ ಆಸ್ಪತ್ರೆ ಬಟ್ಟೆ. ಏನೂ ಇಲ್ಲ.

ತಂಗಿ ನರ್ಸು. ಅವಳು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. "ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ."

"ನಾಳೆ ಹನ್ನೊಂದಕ್ಕೆ ಐದು ಬಾಟಲಿ ಇದೆ."

"ಹೇಗೆ ನೋಡ್ತೀಯ?"

"ನಾಲ್ಕನ್ನ ಮೊದಲೇ ಕುಡಿದಿದೀನಿ. ಬರೆದಿಟ್ಟಿದೀನಿ. ನಾಲಿಗೆ ಇದೆಯಲ್ಲ."

"ಅಕ್ಕ."

"ನಾಳೆ ಒಂದು ದಿನ ದಾಟಲಿ," ಎಂದಳು. ತನಗಿಂತ ಮುಂಚೆ ಆ ಕೆಲಸದಲ್ಲಿದ್ದ ಹಿರಿಯರನ್ನು ಅವಳು ನೆನೆಯುತ್ತಿದ್ದಳು. ಮೂಗು ಮಂದವಾಯಿತು ಎಂದು ಅವರೇ ಬಾಯಿಬಿಟ್ಟು ಹೇಳಿಕೊಂಡಿದ್ದರು. ಎಂಟು ದಿನದಲ್ಲಿ ಅವರ ಮೇಜು ಖಾಲಿಯಾಗಿತ್ತು.

ಮಾರನೆಯ ದಿನದ ಕೆಲಸ ಆಫೀಸಿನಲ್ಲಲ್ಲ, ಒಬ್ಬ ಹೆಂಗಸಿನ ಮನೆಯಲ್ಲಿ. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಆತ ಒಂದೇ ಹೆಸರಿನ, ಬಹಳ ದೊಡ್ಡ ಹೆಸರಿನ ಶಾಂಪೇನನ್ನು ಮದುವೆಗೂ ಮೊದಲಿನಿಂದ ಕೂಡಿಡುತ್ತ ಬಂದಿದ್ದ. ಅದನ್ನು ಪ್ರತಿ ವರ್ಷ ಮಾಡುವುದಿಲ್ಲ. ದ್ರಾಕ್ಷಿ ಚೆನ್ನಾಗಿ ಬಂದ ವರ್ಷ ಮಾತ್ರ ಮಾಡಿ, ಆ ವರ್ಷವನ್ನೇ ಬಾಟಲಿಯ ಮೇಲೆ ಬರೆಯುತ್ತಾರೆ. ಹದಿನೆಂಟು, ಇಪ್ಪತ್ತಾರು, ಮೂವತ್ತಮೂರು, ನಲವತ್ತು, ಐವತ್ತೊಂದು ವರ್ಷ ವಯಸ್ಸಿನ ಐದು ಬಾಟಲಿಗಳನ್ನು ತೆರೆದು, ಒಂದರ ಪಕ್ಕ ಒಂದಿಟ್ಟು ನೋಡಿ, ಉಳಿದ ಪೆಟ್ಟಿಗೆಗಳ ಗತಿ ತೀರ್ಮಾನಿಸಬೇಕಿತ್ತು.

ಊಟದ ಕೋಣೆಯಲ್ಲಿ ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು, ಬಣ್ಣ ಕಾಣಲೆಂದು. ಮನೆಯೊಡತಿ ಒಂದು ತುದಿಯಲ್ಲಿ ಕೂತಿದ್ದರು, ತೆಳ್ಳಗಿನ, ಬೆನ್ನು ನೆಟ್ಟಗಿದ್ದ ಹೆಂಗಸು. ಎದುರಿಗೆ ಕೊಳ್ಳುವವರ ಕಡೆಯ ದಲ್ಲಾಳಿ, ಪೆನ್ನು ಬಿಚ್ಚಿಕೊಂಡು. ಪಕ್ಕದ ಸಣ್ಣ ಮೇಜಿನ ಹತ್ತಿರ ಬಿರಡೆ ಮಾವ. ಕಂಪನಿಯ ಹಳೆ ಬಾಟಲಿಗಳನ್ನೆಲ್ಲ ತೆರೆಯುವವರು ಅವರೇ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಎಂಥ ಮುರುಕಲು ಬಿರಡೆಯಾದರೂ ಸದ್ದಿಲ್ಲದೆ, ನಿಟ್ಟುಸಿರು ಬಿಟ್ಟಂತೆ ಹೊರಗೆ ಬರುತ್ತಿತ್ತು ಅವರ ಕೈಯಲ್ಲಿ. ಮೂಗಕ್ಕ ಎಂದು ಹೆಸರಿಟ್ಟವರೂ ಅವರೇ.

ಮೊದಲನೆಯ ಗ್ಲಾಸು ಬಂತು. ಅವಳು ಎಂದಿನಂತೆ ಗ್ಲಾಸಿನ ಸಣ್ಣ ಕಾಲು ಹಿಡಿದು ಎತ್ತಿದಳು, ಬೆಳಕಿಗೆ ಹಿಡಿದಳು, ಮೂಗಿಗೆ ತಂದಳು. ಒಳಗೆ ಖಾಲಿ ಕೋಣೆ. ಬಾಯಿಗೆ ಹಾಕಿಕೊಂಡಳು. ಹುಳಿ ಗೊತ್ತಾಯಿತು, ಗುಳ್ಳೆ ಚುಚ್ಚಿದ್ದು ಗೊತ್ತಾಯಿತು, ಕೊನೆಗೆ ಬಂದ ಸಣ್ಣ ಕಹಿ ಗೊತ್ತಾಯಿತು. ಪಕ್ಕದ ಪಾತ್ರೆಗೆ ಉಗುಳಿದಳು. ಟಿಪ್ಪಣಿ ಪುಸ್ತಕದ ಸಾಲು ಕಣ್ಣ ಮುಂದೆ ಬಂತು.

"ಸುಟ್ಟ ಬ್ರೆಡ್ಡಿನ ಅಂಚು. ನಿಂಬೆಸಿಪ್ಪೆ. ಇನ್ನೂ ಎಳೆಯದು, ಹತ್ತು ವರ್ಷ ಆರಾಮಾಗಿ ಇಡಬಹುದು."

ದಲ್ಲಾಳಿ ಬರೆದುಕೊಂಡ. ಯಾರೂ ಹುಬ್ಬೇರಿಸಲಿಲ್ಲ.

ಎರಡನೆಯದೂ ಹಾಗೇ ದಾಟಿತು, ಮೂರನೆಯದೂ. ಮೂರನೆಯದರ ಗುಳ್ಳೆ ಎಷ್ಟು ಉಳಿದಿದೆ ಎಂದು ಗ್ಲಾಸನ್ನು ಕಿವಿಗೆ ಹಿಡಿದು ಕೇಳಿದಳು. ದಲ್ಲಾಳಿಗೆ ಅದು ದೊಡ್ಡ ವಿದ್ಯೆಯಂತೆ ಕಂಡಿರಬೇಕು, ಅವನೂ ತನ್ನ ಗ್ಲಾಸನ್ನು ಕಿವಿಗೆ ಹಿಡಿದ. ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಈಗ ಇನ್ನೆರಡು, ಇನ್ನೆರಡೇ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ನಾಲ್ಕನೆಯದು ನಲವತ್ತು ವರ್ಷದ್ದು. ಬಿರಡೆ ಮಾವ ಅದನ್ನು ಸುರಿದು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಬಣ್ಣ ಹಳೆಯ ಚಿನ್ನದ ಹಾಗೆ ಚೆನ್ನಾಗಿತ್ತು. ನಾಲಿಗೆಗೆ ಸ್ವಲ್ಪ ತೆಳುವಾದಂತೆನಿಸಿತು, ಅಷ್ಟೆ. ಹತ್ತು ವರ್ಷದ ಹಿಂದೆ ಬರೆದದ್ದನ್ನು ನೆನೆದು ಹೇಳಿದಳು: "ಜೇನು. ಒಣಗಿದ ಹಣ್ಣು. ಅಣಬೆ. ಇಲ್ಲೀತನಕದ್ದರಲ್ಲಿ ಇದೇ ರಾಣಿ."

ದಲ್ಲಾಳಿ ಮೂಸಿದ, ಮುಖ ಕಿವುಚಿದ, ತಕ್ಷಣ ಸರಿಮಾಡಿಕೊಂಡು "ಹೌದು, ಅಣಬೆ, ಅಣಬೆ ಇದೆ" ಎಂದು ಬರೆದುಕೊಂಡ. ಅವಳು ಬಿರಡೆ ಮಾವನ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವರು ಹಾಗೆ ನೆಲ ನೋಡಿದ್ದು ಯಾವಾಗ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಿರಡೆ ಕೆಟ್ಟು ಬಾಟಲಿಗೆ ದೋಷ ಹತ್ತಿದ್ದಾಗ. ಮೊದಲು ಅವರಿಗೇ ತಿಳಿಯುತ್ತದೆ, ಆದರೆ ಹೇಳುವುದು ತಮ್ಮ ಕೆಲಸವಲ್ಲ ಎಂದು ಅವಳು ಬಾಯಿಬಿಡುವ ತನಕ ಸುಮ್ಮನಿರುತ್ತಾರೆ.

ಆ ದೋಷದ ವಾಸನೆ ಗ್ಲಾಸಿನಲ್ಲಿ ನಿಂತಷ್ಟೂ ಹೆಚ್ಚುತ್ತದೆ. ಈಗ ಸಣ್ಣಗಿರುವುದು ಐದು ನಿಮಿಷದಲ್ಲಿ ಇಡೀ ಮೇಜಿಗೆ ಬಡಿಯುತ್ತದೆ. ಮೂವರ ಮುಂದಿನ ಮೂರು ಗ್ಲಾಸು ಅಲ್ಲಿ ಕೂತು ಅವಳ ಮೇಲೆ ಚಾಡಿ ಹೇಳಲು ಕಾಯುತ್ತಿದ್ದವು, ಅವಳಿಗೆ ಮಾತ್ರ ಕೇಳಿಸದ ಹಾಗೆ. ಎದ್ದು ಹೋಗಿಬಿಡಲೇ, ತಲೆ ಸುತ್ತುತ್ತಿದೆ ಎನ್ನಲೇ ಎಂದು ಯೋಚಿಸಿದಳು. ಐದನೆಯದನ್ನು ತನ್ನಿ ಎಂದು ಹೇಳಲು ಬಾಯಿ ತೆರೆದಳು.

ಆಗ ಮನೆಯೊಡತಿ ಮೆಲ್ಲಗೆ ಮಾತಾಡಿದರು.

"ಇದು ನಮ್ಮ ಮದುವೆಯ ವರ್ಷದ್ದು. ಅವರೂ ಜೇನು ಜೇನು ಅಂತಿದ್ರು. ನನಗೆ ಮಾತ್ರ ಈಗ ನೆನೆದ ರಟ್ಟಿನ ವಾಸನೆ ಬರ್ತಿದೆ." ಇನ್ನೊಮ್ಮೆ ಮೂಸಿ ಗ್ಲಾಸನ್ನು ಕೆಳಗಿಟ್ಟರು. "ನೀವು ತಪ್ಪು ತಿಳೀಬೇಡಿ. ನನ್ನ ಮೂಗೇ ಸರಿಯಿಲ್ಲ ಅಂತ ಕಾಣುತ್ತೆ. ಅವರು ಹೋದ ಮೇಲೆ ನನಗೆ ಯಾವುದೂ ಸರಿಯಾಗಿ ಗೊತ್ತಾಗ್ತಿಲ್ಲ."

ಕ್ಷಮೆ ಕೇಳುವ ಹಾಗೆ ನಕ್ಕರು. ಆ ನಗುವನ್ನು ನೋಡಲು ಅವಳಿಂದ ಆಗಲಿಲ್ಲ. ಇಡೀ ಬೆಳಿಗ್ಗೆ ಅವಳು ತನ್ನ ಕೆಲಸಕ್ಕೆ, ಹೆಸರಿಗೆ ಹೆದರಿದ್ದಳು. ಈಗ ಬಂದದ್ದು ಬೇರೆ ಹೆದರಿಕೆ. ತಾನು ಸುಮ್ಮನಿದ್ದರೆ ಈ ಹೆಂಗಸು ಇನ್ನು ಮುಂದೆ ತನ್ನ ಮೂಗನ್ನು ನಂಬುವುದಿಲ್ಲ, ಗ್ಯಾಸು ನಾರಿದರೂ ನಂಬುವುದಿಲ್ಲ.

"ನಿಮ್ಮ ಮೂಗು ಸರಿಯಾಗಿದೆ," ಎಂದಳು. "ಬಾಟಲಿ ಕೆಟ್ಟಿದೆ. ನನಗೆ ಗೊತ್ತಾಗಲಿಲ್ಲ. ಜ್ವರ ಬಂದು ಹೋದ ಮೇಲೆ ನನಗೆ ಯಾವ ವಾಸನೆಯೂ ಬರ್ತಿಲ್ಲ."

ದಲ್ಲಾಳಿಯ ಪೆನ್ನು ನಿಂತಿತು. "ಹಾಗಾದ್ರೆ ಮೊದಲ ಮೂರು?"

"ಹಳೇ ಪುಸ್ತಕದಿಂದ ಹೇಳಿದ್ದು."

"ಅಂದ್ರೆ ಸುಳ್ಳು."

"ಹೌದು."

ಅವನು ಎದ್ದು ಫೋನು ತೆಗೆದುಕೊಂಡು ಪಡಸಾಲೆಗೆ ಹೋದ. ಅವನ ಮಾತು ಬಾಗಿಲಾಚೆಯಿಂದ ತುಂಡುತುಂಡಾಗಿ ಕೇಳುತ್ತಿತ್ತು, ನಡುವೆ ಅವಳ ನಿಜವಾದ ಹೆಸರು. ಎರಡು ನಿಮಿಷದಲ್ಲಿ ಅವಳ ಫೋನು ಅದುರಿತು. ಕಂಪನಿಯ ಯಜಮಾನರು ಒಂದೇ ಸಾಲು ಕಳಿಸಿದ್ದರು: ನಾಲ್ಕು ಗಂಟೆಗೆ ಬಂದು ನೋಡಿ. ಅವಳು ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು.

ಮನೆಯೊಡತಿ ಅವಳನ್ನೇ ನೋಡಿದರು. ಕೋಪವಿತ್ತು, ಮುಚ್ಚಿಡಲಿಲ್ಲ. "ನನಗೆ ಬೇಜಾರಾಗಿದೆ," ಎಂದರು. ಆಮೇಲೆ ಬಿರಡೆ ಮಾವನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಬಿರಡೆ ತೆಗೆದಾಗಲೇ."

"ಯಾಕೆ ಹೇಳಲಿಲ್ಲ?"

"ಯಾರೂ ನನ್ನ ಕೇಳಿದ್ದಿಲ್ಲ, ಅಮ್ಮ."

"ಈಗ ಕೇಳ್ತಿದೀನಿ. ಅದೇ ವರ್ಷದ್ದು ಇನ್ನೊಂದಿದೆ, ತೆಗೀರಿ. ಮೂಗಿರೋರು ಮೂಸಲಿ, ನಾಲಿಗೆ ಇರೋರು ನಾಲಿಗೆ ಕೆಲಸ ಮಾಡಲಿ. ಐದೂ ಮತ್ತೆ ಮೊದಲಿಂದ."

ದಲ್ಲಾಳಿ ಒಳಗೆ ಬಂದು ಮೂಗು ಮುರಿದ, ಆದರೆ ಕೂತ. ಬಿರಡೆ ಮಾವನ ಕಿವಿ ಕೆಂಪಗಾಗಿತ್ತು. ಇಪ್ಪತ್ತೆಂಟು ವರ್ಷ ಬೇರೆಯವರಿಗೆ ಸುರಿದವರು, ತಮಗೆಂದು ಸುರಿದುಕೊಳ್ಳುವಾಗ ಎರಡು ಹನಿ ಬಟ್ಟೆಯ ಮೇಲೆ ಚೆಲ್ಲಿದರು. ಮೂಸಿ, ತಡೆದು ತಡೆದು ಹೇಳಿದರು. ಹದಿನೆಂಟರದು ಬ್ರೆಡ್ಡಿನ ಕಂದು ಅಂಚು, ಅದು ನಿಜ. ಇಪ್ಪತ್ತಾರರದು ಹೆಚ್ಚಿಟ್ಟು ಮರೆತ ಸೇಬು. ಮೂವತ್ತಮೂರರದು ಅವರಿಗೆ ಹಿಡಿಸಲಿಲ್ಲ, "ಮುಚ್ಚಿಟ್ಟ ಬಟ್ಟೆ ಕಪಾಟು" ಎಂದರು. ಹೊಸದಾಗಿ ತೆಗೆದ ನಲವತ್ತರದ್ದಕ್ಕೆ ಸುಮ್ಮನೆ ತಲೆಯಾಡಿಸಿ, "ಜೇನು ಇದೆ, ಸುಳ್ಳಲ್ಲ" ಎಂದು ಮನೆಯೊಡತಿಯ ಕಡೆ ಗ್ಲಾಸು ಸರಿಸಿದರು. ಆಕೆ ಮೂಸಿ ಕಣ್ಣೊರೆಸಿಕೊಂಡರು.

ಅವಳು ಒಂದೊಂದರ ಹುಳಿಯನ್ನು, ಗುಳ್ಳೆಯನ್ನು, ಗಂಟಲಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಹೇಳಿದಳು. ವಾಸನೆಯ ಆಸರೆಯಿಲ್ಲದೆ ನೋಡಿದಾಗ ಅವಳಿಗೇ ಆಶ್ಚರ್ಯವಾಗುವ ಸಂಗತಿ ತಿಳಿಯಿತು: ತಾನು ಯಾವಾಗಲೂ ಎರಡನೇ ಸಾಲಿಗೆ ತಳ್ಳುತ್ತಿದ್ದ ಇಪ್ಪತ್ತಾರರದು ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತ್ತು. ನಲವತ್ತರದ್ದು ಈಗಲೇ ಕುಡಿಯಬೇಕಾದ್ದು. ಐವತ್ತೊಂದರದು ದಣಿದಿದೆ, ಸತ್ತಿಲ್ಲ. ಒಮ್ಮೆಯೂ ಪುಸ್ತಕ ನೆನೆಯಲಿಲ್ಲ.

ನಾಲ್ಕು ಗಂಟೆಗೆ ಯಜಮಾನರು ಅವಳನ್ನು ರಜೆಯ ಮೇಲೆ ಕಳಿಸಿದರು, ಎಷ್ಟು ದಿನ ಎಂದು ಹೇಳಲಿಲ್ಲ. ಮಾರನೆಯ ದಿನ ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಜ್ವರ ಒಳಗಿನ ನರಕ್ಕೆ ಪೆಟ್ಟು ಕೊಟ್ಟಿದೆ ಎಂದರು.

"ವಾಪಸ್ ಬರುತ್ತಾ?"

"ಕೆಲವರಿಗೆ ಆರು ತಿಂಗಳಲ್ಲಿ ಬರುತ್ತೆ. ಕೆಲವರಿಗೆ ಎರಡು ವರ್ಷ. ಕೆಲವರಿಗೆ ಇಲ್ಲ. ನಿಮಗೆ ಇದರಲ್ಲಿ ಯಾವುದು ಅಂತ ಈಗಲೇ ಹೇಳೋಕಾಗಲ್ಲ."

ತಂಗಿ ಗ್ಯಾಸು ಸೋರಿದರೆ ಕೂಗುವ ಯಂತ್ರ ತಂದು ಅಡುಗೆಮನೆಯ ಗೋಡೆಗೆ ಹಾಕಿದಳು. ಆದರೂ ಆ ತಿಂಗಳುಗಳಲ್ಲಿ ಅಕ್ಕ ದಿನಕ್ಕೆ ಹತ್ತು ಸಲ ಒಲೆಯ ಗುಂಡಿ ಮುಟ್ಟಿ ನೋಡುತ್ತಿದ್ದಳು. ಹಾಲು ಕೆಟ್ಟಿದೆಯೇ, ಮೈ ಬೆವರು ನಾರುತ್ತಿದೆಯೇ ಎಂದು ತಂಗಿಯನ್ನು ಕೇಳಿ ಕೇಳಿ, ಅವಳಿಗೆ ರೇಗಿ, ಇಬ್ಬರೂ ಎರಡು ದಿನ ಮಾತು ಬಿಟ್ಟದ್ದೂ ಉಂಟು.

ಮೂರನೆಯ ತಿಂಗಳು ಮನೆಯೊಡತಿ ಕಂಪನಿಗೆ ಕಾಗದ ಬರೆದರು. ಗಂಡನ ಪೆಟ್ಟಿಗೆಗಳನ್ನು ಹರಾಜಿಗೆ ಕೊಡುವುದಾದರೆ ಆ ದಿನದ ಮಾತುಗಳೇ ಅಚ್ಚಾಗಬೇಕು, ಇಬ್ಬರ ಹೆಸರಿನಲ್ಲಿ, ಒಬ್ಬರಿಗೆ ವಾಸನೆ ತಿಳಿಯುತ್ತಿರಲಿಲ್ಲ ಎಂಬುದನ್ನೂ ಸೇರಿಸಿ. ಇಲ್ಲವಾದರೆ ಬೇರೆ ಕಡೆ ಹೋಗುತ್ತೇನೆ ಎಂದಿದ್ದರು. ಯಜಮಾನರು ಒಂದು ವಾರ ಗೊಣಗಿ ಒಪ್ಪಿದರು. ಆಮೇಲೆ ಅವಳಿಗೆ ಫೋನು ಮಾಡಿ, ವಾರಕ್ಕೆ ಎರಡು ದಿನ ಬಿರಡೆ ಮಾವನ ಜೊತೆ ಕೂರುವುದಾದರೆ ಬರಬಹುದು, ನೋಡೋಣ ಎಂದರು.

ಹೋದ ಮೊದಲ ದಿನ ಅವಳು ಆಫೀಸಿನ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಒಳಗಿನವರು ಏನೆಂದು ಕರೆಯುತ್ತಾರೋ, ಕರೆಯುತ್ತಾರೋ ಇಲ್ಲವೋ ಎಂಬ ಯೋಚನೆ. ಬಿರಡೆ ಮಾವ ಒಳಗಿನಿಂದಲೇ ಕಂಡು, "ಬಾರಮ್ಮ, ಗುಳ್ಳೆ ಕಾಯಲ್ಲ" ಎಂದರು.

ಮೇಜಿನ ಮೇಲೆ ಯಾರೋ ಕಳಿಸಿದ್ದ ಮೂರು ಬಾಟಲಿಗಳಿದ್ದವು. ಮಾವ ಮೊದಲನೆಯದನ್ನು ಮೂಸಿ ಗ್ಲಾಸು ಕೆಳಗಿಟ್ಟು ತಲೆ ಕೆರೆದುಕೊಂಡರು.

"ಏನೋ ಇದೆ. ಹೆಸರು ಬರ್ತಿಲ್ಲ."

ಅವಳು ಪೆನ್ನು ಬಿಚ್ಚಿದಳು. "ಒಣಗಿದ್ದಾ ಮಾವ, ಹಸಿಯದಾ?"

"ಒಣಗಿದ್ದು."

"ಮನೆ ಒಳಗಿಂದಾ, ಹೊರಗಿಂದಾ?"

ಮಾವ ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. "ಹೊರಗಿಂದು. ಆದ್ರೆ ಯಾರೋ ಒಳಗೆ ತಂದಿಟ್ಟಿದ್ದು. ತಡಿ, ಬರ್ತಾ ಇದೆ."