ಹಳದಿ ಕೋಟು ಮುಂದೆ ಹೋಯಿತು

ಬೈಕಿಗೆ ಕ್ಲಚ್ ಕೇಬಲ್ ಹಾಕಿ ಮುಗಿಸುವ ಹೊತ್ತಿಗೆ ಬಾಲಣ್ಣನ ಬೆರಳುಗಳು ಹೇಳಿದ ಮಾತು ಕೇಳುವುದನ್ನೇ ಬಿಟ್ಟಿದ್ದವು. ಊರಿನಲ್ಲಾದರೆ ಹತ್ತು ನಿಮಿಷದ ಕೆಲಸ. ಇಲ್ಲಿ, ಹುಲ್ಲು ಕೂಡ ಬೆಳೆಯಲು ಹಿಂದೆಮುಂದೆ ನೋಡುವ ಎತ್ತರದಲ್ಲಿ, ಒಂದು ನಟ್ಟು ಬಿಗಿಯುವುದಕ್ಕೆ ಎರಡು ಸಲ ಉಸಿರೆಳೆದುಕೊಳ್ಳಬೇಕಾಗಿತ್ತು. ಮುಕ್ಕಾಲು ಗಂಟೆ ಹಿಡಿಯಿತು. ಸ್ಪ್ಯಾನರನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟು, ಕೈಗವಸಿನೊಳಗೆ ಬಿಸಿಯುಸಿರು ಊದಿಕೊಂಡು, ಘಾಟಿಯ ನೆತ್ತಿ ದಾಟಿ ಆಚೆ ಇಳಿದ. ಮೂರನೆಯ ತಿರುವು ಕಳೆದ ಮೇಲೆ ದಾರಿ ಎರಡಾಯಿತು. ಅಲ್ಲಿ ಯಾರೂ ಇರಲಿಲ್ಲ.

ಯಾರಾದರೂ ಇರಲೇಬೇಕಿತ್ತು.

ಬಾಲಣ್ಣ ಎನ್ನುವುದು ಅವನ ಹೆಸರಲ್ಲ. ಒಂಬತ್ತು ಬೈಕುಗಳ ಗುಂಪಿನಲ್ಲಿ ಕಟ್ಟಕಡೆಯದು ಅವನದು, ಬಾಲದಲ್ಲಿರುವವನು ಬಾಲಣ್ಣ. ಹಾಗೆ ಕರೆದವನು ಕ್ಯಾಪ್ಟನ್. ಅವನು ಪೇಂಟ್ ಅಂಗಡಿಯವನು, ಇವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಇವನದು ಕನ್ನಡಕದ ಅಂಗಡಿ. ಮುಂದೆ ಫ್ರೇಮುಗಳ ಗೋಡೆ, ಹಿಂದೆ ಗಾಜು ಉಜ್ಜುವ ಯಂತ್ರ, ಮಹಡಿಯ ಮೇಲೆ ಒಂದು ಕೋಣೆ, ಒಂದು ಮಂಚ. ಅಕ್ಕ ಬದುಕಿದ್ದಾಗ ಪ್ರವಾಸದ ದಿನಗಳಲ್ಲಿ ಸಂಜೆಗೊಮ್ಮೆ ಫೋನ್ ಮಾಡಿ ಮುಟ್ಟಿದ್ಯೇನೋ ಎಂದು ಕೇಳುತ್ತಿದ್ದಳು. ಎರಡು ವರ್ಷದಿಂದ ಆ ಫೋನೂ ಇಲ್ಲ.

ಗುಂಪಿನ ಪದ್ಧತಿ ಸರಳ. ಕ್ಯಾಪ್ಟನ್ ಎಲ್ಲರಿಗಿಂತ ಮುಂದೆ. ದಾರಿ ಕವಲೊಡೆಯುವಲ್ಲೆಲ್ಲ ಅವನ ಬೆನ್ನಿಗಿರುವವನು ಬೈಕು ನಿಲ್ಲಿಸಿ, ಹಿಂದಿನವರಿಗೆ ಕೈತೋರಿಸುತ್ತ ನಿಲ್ಲಬೇಕು. ಹಳದಿ ಕೋಟು ಕಾಣುವ ತನಕ ಜಾಗ ಬಿಡಬಾರದು. ಹಳದಿ ಕೋಟು ಎಂದರೆ ಬಾಲಣ್ಣ. ಬಾಲಣ್ಣ ಬಂದನೆಂದರೆ ಎಲ್ಲರೂ ಬಂದ ಹಾಗೆ. ಮಲೆಯೋ ಮರಳೋ, ಹನ್ನೆರಡು ವರ್ಷ ಇದೇ ಲೆಕ್ಕದಲ್ಲಿ ಒಬ್ಬರೂ ತಪ್ಪಿಹೋಗಿರಲಿಲ್ಲ. ಸಂಜೆ ತಂಗುವ ಕಡೆ ಕ್ಯಾಪ್ಟನ್ ಕೇಳುತ್ತಿದ್ದ, ಎಲ್ಲಾ ಬಂದ್ರೇನೋ? ಬಂದ್ರು, ಎನ್ನುತ್ತಿದ್ದ ಇವನು. ಅಲ್ಲಿಗೆ ಇವನ ದಿನದ ಮಾತು ಹೆಚ್ಚುಕಡಿಮೆ ಮುಗಿಯಿತು. ಗುಂಪಿನ ಫೋಟೋಗಳಲ್ಲಿ ಇವನಿಲ್ಲ, ಇವನು ಬರುವ ಹೊತ್ತಿಗೆ ಫೋಟೋ ತೆಗೆದಾಗಿರುತ್ತಿತ್ತು. ಬೈಕಿನ ಕನ್ನಡಿಯಲ್ಲಿ ಯಾವಾಗ ನೋಡಿದರೂ ಖಾಲಿ ರಸ್ತೆ. ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಸಂಜೆಯ ಆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾದವನು ತಾನು ಎನ್ನುವುದೇ ಸಾಕಾಗಿತ್ತು.

ಇವತ್ತು ಆದದ್ದಿಷ್ಟು. ಗುಂಪಿಗೆ ಹೊಸದಾಗಿ ಒಬ್ಬರು ಟೀಚರ್ ಸೇರಿದ್ದರು, ಅಕ್ಷರ ಕಲಿಯುವ ಪುಟ್ಟ ಮಕ್ಕಳ ಶಾಲೆಯವರು, ವಯಸ್ಸು ಐವತ್ತರ ಹತ್ತಿರ. ತಿರುವು ಕಂಡರೆ ಅವರಿಗೆ ಎದೆ ಡವಡವ. ಟೀಚರ್ ಗಾಡಿ ಹಿಂದೆ ಸಿಕ್ಕಿಹಾಕಿಕೊಂಡರೆ ಎಮ್ಮೆಯೂ ಹಾರ್ನ್ ಹೊಡೆಯುತ್ತದೆ ಎಂದು ಗುಂಪಿನಲ್ಲಿದ್ದ ಬೇಕರಿಯವನು ಮೂರು ದಿನದಿಂದ ಎಲ್ಲರನ್ನೂ ನಗಿಸುತ್ತಿದ್ದ. ಅವರೂ ನಗುತ್ತಿದ್ದರು. ನೆತ್ತಿಗೆ ಸ್ವಲ್ಪ ಕೆಳಗೆ ಅವರ ಹಲ್ಲು ಕಟಕಟ ಎನ್ನುವುದನ್ನು ನೋಡಲಾರದೆ ಬಾಲಣ್ಣ ತನ್ನ ಹಳದಿ ಕೋಟು ಬಿಚ್ಚಿ ಅವರಿಗೆ ತೊಡಿಸಿದ, ಮಕ್ಕಳಿಗೆ ಹಾಕುವ ಹಾಗೆ ಕತ್ತಿನ ಗುಂಡಿಯವರೆಗೂ ಹಾಕಿದ. ಮರುಕ್ಷಣವೇ ಅವನ ಕ್ಲಚ್ ಕೇಬಲ್ ತುಂಡಾಯಿತು. ನೀವು ಹೋಗ್ತಾ ಇರಿ, ಚಳಿಯಲ್ಲಿ ನಿಲ್ಲಬೇಡಿ, ಹಿಂದೆಯೇ ಬಂದೆ ಎಂದು ಅವರನ್ನು ಕಳಿಸಿಬಿಟ್ಟ.

ಕೋಟು ಮುಂದೆ ಹೋಯಿತು. ಕವಲಿನಲ್ಲಿ ನಿಂತಿದ್ದವನು ಯಾರೇ ಆಗಿರಲಿ, ದೂರದಿಂದ ಹಳದಿ ಕಂಡವನೇ ಹೊರಟುಹೋಗಿದ್ದಾನೆ.

ಎಡಕ್ಕೊಂದು, ಬಲಕ್ಕೊಂದು ದಾರಿ. ಎರಡೂ ಡಾಂಬರು, ಎರಡರ ಮೇಲೂ ಕುರಿಮಂದೆ ಹಾದ ಗುರುತು. ಫೋನಿಗೆ ಸಿಗ್ನಲ್ ಇಲ್ಲ. ಇವತ್ತಿನ ವಸತಿ ಯಾವುದು, ಯಾವ ಊರು ಎಂದು ಅವನು ಕೇಳಿಟ್ಟುಕೊಂಡಿರಲಿಲ್ಲ. ಇಷ್ಟು ವರ್ಷ ತಿರುಗಿಯೂ ಅವನಿಗೆ ಒಂದು ದಾರಿಯೂ ಗೊತ್ತಿರಲಿಲ್ಲ. ಪ್ರತಿ ಕವಲಿನಲ್ಲೂ ಒಬ್ಬರು ನಿಂತಿರುತ್ತಿದ್ದರಲ್ಲ.

ದಿನಾ ಬೆಳಿಗ್ಗೆ ಹೊರಡುವ ಮುನ್ನ ಅವನೇ ಎಲ್ಲರಿಗೂ ಪಾಠ ಹೇಳುತ್ತಿದ್ದ: ದಾರಿ ತಪ್ಪಿದರೆ ಮುಂದೆ ಹೋಗಬೇಡಿ, ಇದ್ದಲ್ಲೇ ಇರಿ, ಹುಡುಕಿಕೊಂಡು ಬರುತ್ತಾರೆ. ಶುರುವಾಯ್ತಪ್ಪ ಪುರಾಣ ಎಂದು ಎಲ್ಲರೂ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಈಗ ಆ ಪಾಠ ಅವನ ಪಾಲಿಗೇ ಬಂದಿತ್ತು. ಬೈಕಿಗೆ ಸ್ಟ್ಯಾಂಡ್ ಹಾಕಿ ಮೋಟುಗೋಡೆಯ ಮೇಲೆ ಕೂತ. ಗಂಟೆ ಮೂರೂಕಾಲು.

ನಾಲ್ಕಾಯಿತು. ಕ್ಯಾಪ್ಟನ್ ಈ ಹೊತ್ತಿಗೆ ಕೇಳಿರುತ್ತಾನೆ, ಎಲ್ಲಾ ಬಂದ್ರೇನೋ ಎಂದು. ಉತ್ತರ ಹೇಳುವವನಿಲ್ಲದ ಮೇಲೆ ಅವನಿಗೆ ಗೊತ್ತಾಗಲೇಬೇಕು. ಬಾಲಣ್ಣ ಎಡದಾರಿ ನೋಡಿದ, ಬಲದಾರಿ ನೋಡಿದ. ನೆರಳುಗಳು ಕಣಿವೆಯಿಂದ ಮೇಲೆ ಹತ್ತಿ ಬರುತ್ತಿದ್ದವು, ಬೈಕುಗಳು ಮಾತ್ರ ಬರಲಿಲ್ಲ.

ನೆತ್ತಿಯ ಕಡೆ ಏರುತ್ತಿದ್ದ ಲಾರಿಯೊಂದು ನಿಂತಿತು. ಚಾಲಕ ಕಿಟಕಿಯಿಂದ ತಲೆ ಹಾಕಿ ಏನಾಯಿತೆಂದು ಹಿಂದಿಯಲ್ಲಿ ವಿಚಾರಿಸಿದ. ನಮ್ಮವರಿಗೆ ಕಾಯುತ್ತಿದ್ದೇನೆ ಎಂದ ಬಾಲಣ್ಣ.

"ಹಿಂದೆ ಬರ್ತಿದಾರಾ?"

"ಇಲ್ಲ, ಮುಂದೆ ಹೋಗಿದಾರೆ."

ಚಾಲಕನಿಗೆ ನಗು ಬಂತು. "ಮುಂದೆ ಹೋದೋರಿಗೆ ಯಾರಾದ್ರೂ ಕಾಯ್ತಾರೇನ್ರೀ?"

ಕೆಟ್ಟವನಲ್ಲ ಅವನು. ಘಾಟಿಯ ಆಚೆ, ಬೆಳಿಗ್ಗೆ ಇವರು ಹೊರಟ ಪೇಟೆಗೇ ತಾನು ಹೋಗುವುದೆಂದೂ, ಬೈಕನ್ನು ಹಿಂದೆ ಏರಿಸಿಕೊಂಡು ಬೆಚ್ಚಗೆ ಬರಬಹುದೆಂದೂ ಹೇಳಿದ. ಬಾಲಣ್ಣ ಎದ್ದು ನಿಂತೂಬಿಟ್ಟ. ಹೋಗಿಬಿಡಬೇಕೆನ್ನುವ ಆಸೆಗೆ ಚಳಿಯೊಂದೇ ಕಾರಣವಾಗಿರಲಿಲ್ಲ. ಈಗಲೇ ಹೊರಟರೆ, ಯಾರಾದರೂ ಹುಡುಕಿಕೊಂಡು ಬರುತ್ತಿದ್ದರೋ ಇಲ್ಲವೋ ಎನ್ನುವುದು ತನಗೆ ಎಂದೂ ತಿಳಿಯುವುದಿಲ್ಲ. ಬಂದಿರುತ್ತಿದ್ದರು ಎಂದುಕೊಂಡು ಹಾಯಾಗಿ ಮಲಗಬಹುದು. ಕೂತರೆ ತಿಳಿದುಹೋಗುತ್ತದೆ.

"ಬೇಡ ಬಿಡಿ, ಬರ್ತಾರೆ" ಎಂದ. ಲಾರಿ ಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ, ಇಷ್ಟು ಹೊತ್ತು ಇದ್ದದ್ದು ನಿಶ್ಶಬ್ದವೇ ಅಲ್ಲ ಅನ್ನಿಸಿತು.

ಹತ್ತು ಜನ ದಡ್ಡರು ಹೊಳೆ ದಾಟಿ, ಒಬ್ಬೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಕೊಚ್ಚಿಹೋದನೆಂದು ಗೊಳೋ ಎಂದು ಅತ್ತ ಕಥೆಯನ್ನು ಅಕ್ಕ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು. ಆಗೆಲ್ಲ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ದಡ್ಡರಾದರೂ ವಾಸಿ, ಕಡಿಮೆ ಬಿದ್ದವನಿಗಾಗಿ ಅತ್ತಿದ್ದರು.

ಐದಕ್ಕೆ ಸೂರ್ಯ ಶಿಖರದ ಹಿಂದೆ ಸರಿದ. ಆಗ ಎಡದಾರಿಯ ತಳದಲ್ಲಿ ಒಂದು ದೀಪ ಕಂಡಿತು. ನಡೆಯಲು ಕಲಿಯುವ ಮಗುವಿನ ಹಾಗೆ ನಿಂತು, ತಡವರಿಸಿ, ಮತ್ತೆ ಹೊರಡುತ್ತಿತ್ತು. ಕ್ಯಾಪ್ಟನ್ ಬಂದ ಎಂದು ಬಾಲಣ್ಣ ಎದ್ದು ನಿಂತ, ಮರುಕ್ಷಣ ಮತ್ತೆ ಕೂತ. ಕ್ಯಾಪ್ಟನ್ ಹೀಗೆ ಓಡಿಸುವವನಲ್ಲ. ದೀಪ ಒಂದು ತಿರುವಿನ ಹಿಂದೆ ಎಷ್ಟೋ ಹೊತ್ತು ಕಾಣದಾಗಿ, ಅಂತೂ ಇಂತೂ ಹೊರಗೆ ಬಂತು. ಅದರ ಹಿಂದೆ ಹಳದಿ ಬಣ್ಣ.

ಟೀಚರ್ ಇಳಿದು, ಹೆಲ್ಮೆಟ್ ತೆಗೆದು, ಮೊದಲು ಫ್ಲಾಸ್ಕ್ ಕೊಟ್ಟರು. ಕೋಟು ವಾಪಸ್ ಕೊಡೋಣ ಎಂದು ಹುಡುಕಿದರೆ ಕೋಟಿನ ಯಜಮಾನರೇ ಇಲ್ಲ ಎಂದರು. ಇನ್ನೂ ಬಿಸಿ ಇದ್ದ ಚಹಾವನ್ನು ಬಾಲಣ್ಣ ಮುಚ್ಚಳಕ್ಕೆ ಬಗ್ಗಿಸಿಕೊಂಡ. ಕೇಳಬಾರದೆಂದುಕೊಂಡರೂ ಕೇಳಿದ.

"ಕ್ಯಾಪ್ಟನ್ ಕೇಳಲಿಲ್ವಾ?"

ಟೀಚರ್ ಕೈಗವಸು ಬಿಚ್ಚಿ ಜೇಬಿಗಿಟ್ಟರು. "ಕೇಳಿದ್ರು. ಹಳದಿ ಕೋಟು ಬಂತು ಅಂದ್ರು ಬೇಕರಿಯವ್ರು. ಸರಿ ಅಂತ ಒಳಗೆ ಹೋದ್ರು."

ಬಾಲಣ್ಣ ಚಹಾ ಕುಡಿದ. ಸಕ್ಕರೆ ಜಾಸ್ತಿಯಾಗಿತ್ತು. ಹನ್ನೆರಡು ವರ್ಷದ ಸಂಜೆಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡ, ಅದರಲ್ಲಿ ಯಾವ ಸಂಜೆಯಾದರೂ ಕ್ಯಾಪ್ಟನ್ ತನ್ನ ಮುಖ ನೋಡಿ ಕೇಳಿದ್ದನೇ ಎಂದು. ನೆನಪಾಗಲಿಲ್ಲ.

ಉಳಿದದ್ದನ್ನು ಟೀಚರ್ ತಾವಾಗಿಯೇ ಹೇಳಿದರು. ಬಾಲಣ್ಣ ಕಾಣುತ್ತಿಲ್ಲ ಎಂದು ಬೇಕರಿಯವನಿಗೆ ಹೇಳಿದರೆ, ನಾನೇ ಕಣ್ಣಾರೆ ನೋಡಿದ್ದೇನೆ, ಸ್ನಾನಕ್ಕೆ ಹೋಗಿರಬೇಕು ಎಂದನಂತೆ. ಅಂಗಳಕ್ಕೆ ಹೋಗಿ ಎಣಿಸಿದರೆ ಎಂಟೇ ಬೈಕು.

"ನಾವು ಮಕ್ಕಳನ್ನ ಪಿಕ್ನಿಕ್ಕಿಗೆ ಕರ್ಕೊಂಡು ಹೋಗೋರು, ಬಾಲಣ್ಣ. ಸ್ವೆಟರ್ ಎಣಿಸಲ್ಲ, ತಲೆ ಎಣಿಸ್ತೀವಿ. ಎಂಟೋ ಒಂಬತ್ತೋ ಅಂತ ಅವ್ರ ಜೊತೆ ವಾದ ಮಾಡ್ತಾ ಕೂತ್ರೆ ಕತ್ತಲಾಗತ್ತೆ ಅಂತ ಬಂದ್ಬಿಟ್ಟೆ."

"ಈ ರಸ್ತೇಲಿ ಒಬ್ರೇನಾ? ಹೆದರಿಕೆ ಆಗ್ಲಿಲ್ವಾ?"

"ಆಗ್ದೇ ಏನು. ಎರಡು ತಿರುವಲ್ಲಿ ಇಳಿದು ತಳ್ಕೊಂಡೇ ಬಂದೆ."

ಅವರು ಕೋಟಿನ ಗುಂಡಿಗೆ ಕೈ ಹಾಕಿದರು. ಬಾಲಣ್ಣ ಬೇಡವೆಂದ, ಇಳಿಯುವಾಗ ಗಾಳಿ ಇನ್ನೂ ಜಾಸ್ತಿ.

"ಹಾಗಾದ್ರೆ ನಾನೇ ಹಿಂದೆ ಬರಬೇಕಾಗತ್ತೆ" ಎಂದರು ಟೀಚರ್. "ಕೋಟು ಹಾಕ್ಕೊಂಡೋರು ಕೊನೇಲಿ. ನೀವೇ ಹೇಳಿದ್ದು, ದಿನಾ ಬೆಳಿಗ್ಗೆ."

ಪುರಾಣವನ್ನು ಒಬ್ಬರಾದರೂ ಕೇಳಿಸಿಕೊಂಡಿದ್ದರು. ಬಾಲಣ್ಣ ಮುಚ್ಚಳ ತಿರುಗಿಸಿ ಫ್ಲಾಸ್ಕ್ ಹಿಂದಕ್ಕೆ ಕೊಟ್ಟ, ಬೈಕು ಹತ್ತಿದ, ಮುಂದೆ ಹೊರಟ. ಮುಂದೆ ಹೋಗುವುದು ಅಭ್ಯಾಸ ತಪ್ಪಿತ್ತು. ಎದುರಿಗೆ ಯಾರ ಬೆನ್ನೂ ಇಲ್ಲದೆ ರಸ್ತೆ ವಿಪರೀತ ಅಗಲವಾಗಿ ಕಾಣುತ್ತಿತ್ತು. ಕೆಳಗೆ ಮುಟ್ಟಿದಾಗ ಕ್ಯಾಪ್ಟನ್ ಬಾಗಿಲಲ್ಲಿ ನಿಂತಿರಬಹುದು, ತಾಸೆರಡು ತಡವಾಗಿ ಅದೇ ಪ್ರಶ್ನೆ ಕೇಳಬಹುದು, ಅಥವಾ ಏನೂ ಆಗಿಲ್ಲವೆಂಬಂತೆ ಊಟಕ್ಕೆ ಕರೆಯಬಹುದು. ಏನು ಹೇಳಬೇಕೆಂದು ಅವನಿನ್ನೂ ತೀರ್ಮಾನಿಸಿರಲಿಲ್ಲ.

ಕನ್ನಡಿಯಲ್ಲಿ ಬೆಳಕು ಬಿತ್ತು. ಟೀಚರ್ ಹೈಬೀಮ್ ಹಾಕಿದ್ದರು, ಕಣ್ಣು ಕುಕ್ಕುವ ಹಾಗೆ. ಮುಂದೊಬ್ಬರಿದ್ದಾಗ ಹೈಬೀಮ್ ಹಾಕಬೇಡಿ ಎಂದು ಬೆಳಿಗ್ಗೆ ಪಾಠ ಹೇಳುವವನೂ ಅವನೇ. ಕನ್ನಡಿಯನ್ನು ಬೆರಳಲ್ಲಿ ಒಂದಿಷ್ಟು ಹೊರಳಿಸಿದ್ದರೂ ಸಾಕಿತ್ತು. ಅವನು ಹೊರಳಿಸಲಿಲ್ಲ. ಪ್ರತಿ ತಿರುವಿನಲ್ಲೂ ಕನ್ನಡಿ ಕಪ್ಪಾದಾಗ ವೇಗ ತಗ್ಗಿಸಿ, ಆ ಬೆಳಕು ಮತ್ತೆ ಬಂದು ಕಣ್ಣಿಗೆ ಚುಚ್ಚುವ ತನಕ ಕಾದು, ಆಮೇಲೆ ಮುಂದೆ ಹೋಗುತ್ತಿದ್ದ.