ಇಪ್ಪತ್ತಕ್ಕೆ ಎಂಟು

ಗ್ರಂಥಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಜರಡಿಯಮ್ಮ ಅಂತಲೇ. ಮಕ್ಕಳ ವಿಭಾಗದ ಕಂಪ್ಯೂಟರುಗಳಲ್ಲಿ ಯಾವ ವೆಬ್‌ಸೈಟು ತೆರೆಯಬೇಕು, ಯಾವುದು ತೆರೆಯಬಾರದು ಎಂದು ತೀರ್ಮಾನಿಸುವವಳು ಅವಳು. ಒಟ್ಟು ಇಪ್ಪತ್ತು ಅಂಕ. ಹನ್ನೆರಡು ಬಾರದಿದ್ದರೆ ಬಾಗಿಲು ಬಂದ್. ಬರೆದವರು ಯಾರು, ಬರೆದದ್ದು ಯಾವಾಗ, ಜಾಹೀರಾತು ಎಷ್ಟು, ಮಗುವಿನ ವಿಳಾಸ ಕೇಳುತ್ತಾರೆಯೇ, ಎಲ್ಲ ನೋಡಬೇಕು. ಲೆಕ್ಕ ಕಲಿಸುತ್ತೇವೆಂದು ಕರೆದು ಮಿಠಾಯಿ ಮಾರುವ ಸೈಟು ಸಿಕ್ಕಿತೋ, ಅವಳಿಗೆ ಮೈಯೆಲ್ಲ ಉರಿ. "ಮೇಲೆ ಥಳುಕು, ಒಳಗೆ ಹುಳುಕು. ಇದನ್ನ ಮಾಡಿದೋನ ಮಕ್ಕಳನ್ನೇ ದಿನವಿಡೀ ಇದರ ಮುಂದೆ ಕೂರಿಸ್ಬೇಕು, ಆಗ ಗೊತ್ತಾಗುತ್ತೆ," ಎಂದು ಬೈಯುತ್ತಲೇ ಸೊನ್ನೆ ಸುತ್ತುವಳು.

ಆರು ತಿಂಗಳಿಂದ ಅವಳ ಮಗಳೂ ಅಲ್ಲೇ ಇರುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿಗೆ ರಕ್ತದ ಕಾಯಿಲೆ. ಶಾಲೆ ಬಿಡಿಸಿದ್ದಾಗಿತ್ತು, ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿರಲಿಲ್ಲ. ಗಾಜಿನ ಗೋಡೆಯಾಚೆ, ಮೂಲೆಯ ಕಂಪ್ಯೂಟರಿನ ಮುಂದೆ ಉಣ್ಣೆ ಟೋಪಿ ಹಾಕಿಕೊಂಡು ಕೂರುವಳು. ಹೋದ ವಾರ ಡಾಕ್ಟರು ಗಂಡ ಹೆಂಡತಿಯನ್ನು ಒಳಗೆ ಕರೆದು, ಈ ಔಷಧಿಯೂ ಹಿಡಿಯುತ್ತಿಲ್ಲ, ಇನ್ನು ಬೇರೆ ದಾರಿ ಇಲ್ಲ ಎಂದಿದ್ದರು. ಹೊರಗೆ ಬಂದು ಇಬ್ಬರೂ ಮಗಳಿಗೆ ಹೇಳಿದ್ದೇ ಬೇರೆ. "ರಿಪೋರ್ಟ್ ಚೆನ್ನಾಗಿದೆ ಕಂದಾ. ಇನ್ನೇನು, ರಜಾ ಮುಗಿಯೋ ಹೊತ್ತಿಗೆ ಹುಷಾರಾಗ್ತೀಯ." ಅಂದಿನಿಂದ ಅದೇ ಮಾತನ್ನು ಹೊತ್ತುಹೊತ್ತಿಗೆ ಹೇಳತೊಡಗಿದರು. ಪಾಪ, ಹೇಳದೆ ಇನ್ನೇನು ಮಾಡಿಯಾರು!

ಆ ಮಧ್ಯಾಹ್ನ ಹಳೆಯ ಸೈಟುಗಳ ಮರುಪರಿಶೀಲನೆ ನಡೆದಿತ್ತು. ಕಾಯಿಲೆಯ ಮಕ್ಕಳಿಗೆಂದೇ ಡಾಕ್ಟರು, ನರ್ಸುಗಳು ಸೇರಿ ಬರೆದ ಸೈಟೊಂದು ಪಟ್ಟಿಯಲ್ಲಿ ಬಂತು. ಹೋದ ವರ್ಷ ಬೇರೆ ಯಾರೋ ಅದನ್ನು ಪಾಸು ಮಾಡಿದ್ದರು. ಬರೆದವರ ಹೆಸರಿದೆ, ತಾರೀಖಿದೆ, ಹುಡುಕಿದರೂ ಒಂದು ಜಾಹೀರಾತಿಲ್ಲ, ಭಾಷೆ ನೀರು ಕುಡಿದಷ್ಟು ಸಲೀಸು. ಅಬ್ಬಾ, ಇಂಥದ್ದೂ ಇದೆಯಲ್ಲ ಎಂದು ಅವಳಿಗೆ ಖುಷಿಯಾಗಿಹೋಯಿತು. ಹತ್ತೊಂಬತ್ತು ಕೊಡಬೇಕು ಅಂದುಕೊಂಡಳು. ಆಮೇಲೆ ಆ ಪುಟ ಬಂತು. 'ಕೆಲವು ಸಲ ಯಾವ ಔಷಧಿಯೂ ಹಿಡಿಯುವುದಿಲ್ಲ. ಆಗ ಮಗು ಸಾಯುತ್ತದೆ. ಅದು ಮಗುವಿನ ತಪ್ಪಲ್ಲ, ಅಪ್ಪ ಅಮ್ಮನ ತಪ್ಪೂ ಅಲ್ಲ.'

ಥಟ್ಟನೆ ಗಾಜಿನಾಚೆ ನೋಡಿದಳು. ಮಗಳು ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದಳು. ಇದೇನಾದರೂ ಅವಳ ಕಣ್ಣಿಗೆ ಬಿದ್ದರೆ? ಮುಂದೆ ಓದುವ ಧೈರ್ಯ ಬರಲಿಲ್ಲ. ಅಂಕದ ಹಾಳೆ ಎಳೆದುಕೊಂಡು ಎಂಟು ಎಂದು ಬರೆದಳು. ಕಾರಣ: 'ಮಕ್ಕಳಲ್ಲಿ ಭಯ ಹುಟ್ಟಿಸುತ್ತದೆ.' ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ಅವಳಿಗೂ ಗೊತ್ತಿತ್ತು.

ಕಂಪ್ಯೂಟರ್ ನೋಡಿಕೊಳ್ಳುವವನು ಹಾಳೆಯನ್ನು ಎರಡು ಸಲ ಓದಿದ. "ಅಕ್ಕಾ, ಇದಕ್ಕೆ ಎಂಟಾ? ನಮ್ಮ ತಂಗಿ ಮಗು ಆಸ್ಪತ್ರೇಲಿದ್ದಾಗ ನಾವೆಲ್ಲ ಇದನ್ನೇ ಓದಿದ್ದು. ಇನ್ನೊಂದ್ಸಲ ನೋಡ್ಬಾರ್ದಾ?"

"ಅಂಕ ಹಾಕೋಳು ನಾನೋ, ನೀನೋ? ಮುಚ್ಚು ಅಂದ್ರೆ ಮುಚ್ಚು."

ಅವನು ಹೋಗಿ ಮುಚ್ಚಿದ.

ಐದು ನಿಮಿಷವೂ ಆಗಿರಲಿಲ್ಲ, ಮಗಳು ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದಳು. ತಾಯಿ ಧಡಕ್ಕನೆ ಎದ್ದು ನಿಂತಳು.

"ಯಾಕೆ ಪುಟ್ಟಿ, ಸುಸ್ತಾಯ್ತಾ?"

"ಇಲ್ಲ. ನಾನು ಓದ್ತಿದ್ದ ಸೈಟು ಮುಚ್ಚೋಯ್ತು. ಅಂಕ ಕಮ್ಮಿ ಅಂತ ಬರ್ತಿದೆ. ಡಾಕ್ಟರು, ನರ್ಸುಗಳು ಬರೆದಿದಾರಲ್ಲ, ಅದು."

"ಅದಾ... ಅದು ಚೆನ್ನಾಗಿಲ್ಲ ಕಂದಾ. ಬರೀ ಸುಳ್ಳು ತುಂಬಿದಾರೆ."

"ಯಾವುದಮ್ಮಾ ಸುಳ್ಳು?"

ತಪ್ಪು ಎಲ್ಲಿದೆ ಎಂದು ದಿನಕ್ಕೆ ಹತ್ತು ಕಡೆ ಬೆರಳಿಟ್ಟು ತೋರಿಸುವವಳು ಈಗ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು.

ಮಗಳು ಮೇಜಿನ ಮೇಲೆ ಒಂದು ಚೀಟಿ ಇಟ್ಟಳು. "ಇದನ್ನ ಬರ್ಕೋತಿದ್ದೆ. ಅರ್ಧಕ್ಕೇ ನಿಂತೋಯ್ತು."

ದುಂಡಗಿನ ಅಕ್ಷರದಲ್ಲಿ ತಲೆಬರಹ ಇತ್ತು: 'ಮನೆಯ ದೊಡ್ಡವರು ಈ ಮಾತು ಎತ್ತದಿದ್ದರೆ ನೀನು ಹೇಗೆ ಎತ್ತಬಹುದು?' ಕೆಳಗೆ, ಒಂದು: ಅವರನ್ನು ಕೂರಿಸು. ಎರಡು: ಕೈ ಹಿಡಿದುಕೋ. ಮೂರು ಎಂದು ಬರೆದಿದ್ದಳು, ಮುಂದೆ ಏನೂ ಇರಲಿಲ್ಲ.

"ಮೂರನೇದು ಏನಮ್ಮಾ? ನೀನು ಪೂರ್ತಿ ಓದಿರ್ತೀಯಲ್ಲ."

ತಾಯಿ ಓದಿರಲಿಲ್ಲ. ಅದರ ಹಿಂದಿನ ಪುಟದಲ್ಲೇ ನಿಂತುಬಿಟ್ಟಿದ್ದಳು. "ಇಲ್ಲ ಮಗಾ," ಎಂದಳು. "ಅಲ್ಲೀವರೆಗೆ ನಂಗೆ ಓದೋಕಾಗ್ಲಿಲ್ಲ."

"ಹೋಗ್ಲಿ ಬಿಡು. ಮೊದ್ಲು ಕೂತ್ಕೋ."

ಅವಳು ಕೂತಳು. ಮಗಳು ಪಕ್ಕದ ಕುರ್ಚಿ ಎಳೆದುಕೊಂಡು ಅವಳ ಕೈ ಹಿಡಿದುಕೊಂಡಳು. ಮಗಳ ಕೈ ತಣ್ಣಗಿತ್ತು.

"ಅಮ್ಮಾ, ನಾನು ಹುಷಾರಾಗಲ್ಲ, ಅಲ್ವಾ?"

ರೂಢಿಯಾದ ಮಾತು ತಾಯಿಯ ಬಾಯಿಯವರೆಗೂ ಬಂತು. ಹುಡುಗಿ ಕೈ ಬಿಡದೆ ಅವಳ ಮುಖವನ್ನೇ ನೋಡುತ್ತಿದ್ದಳು.

"ಹೂಂ," ಎಂದಳು ತಾಯಿ.