ಮೈಲುತುತ್ತದ ಡ್ರಮ್ಮಿನಲ್ಲಿ ಮೀನಿನ ನೀರು

ಚನ್ನಗಿರಿಯ ನಲ್ಲಿಗೆ ನೀರು ಬರುವುದು ನೆಂಟರು ಬಂದ ಹಾಗೆ. ಹೇಳಿ ಬರುವುದಿಲ್ಲ. ಬಂದಾಗ ಮನೆಯ ಪಾತ್ರೆಗಳನ್ನೆಲ್ಲ ಹೊರಗೆ ತೆಗೆಸುತ್ತದೆ. ಸಾಜಿದಾಳ ಮನೆಯಲ್ಲಿ ಜನರಿಗಷ್ಟೇ ಅಲ್ಲ, ಮೀನಿಗೂ ನೀರು ಹಿಡಿದಿಡಬೇಕು.

ಆಕೆಯ ಅಪ್ಪ ಬುಡನ್‌ಸಾಬ್ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಿದ್ದವರು. ಹೋದ ಮಳೆಗಾಲ ಮರದಿಂದ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟಾಗಿ ಮಂಚ ಹಿಡಿದರು. ದಿನಾ ಕಾಲು ಆಡಿಸಬೇಕು, ಬಿಟ್ಟರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವರು ಯಾರ ಮಾತಿಗೂ ಕಾಲು ಆಡಿಸಲಿಲ್ಲ. ಕೊನೆಗೆ ಸಾಜಿದಾ ಮಂಚದ ಪಕ್ಕ ಒಂದು ಗಾಜಿನ ತೊಟ್ಟಿ ತಂದಿಟ್ಟು ಮೀನು ಬಿಟ್ಟಳು.

ಅದು ಕೆಲಸ ಮಾಡಿತು. ಉಳಿದ ಮೀನುಗಳನ್ನೆಲ್ಲ ಅಟ್ಟಾಡಿಸುತ್ತಿದ್ದ ಒಂದು ಕೆಂಪು ಮೀನಿಗೆ ಬುಡನ್‌ಸಾಬ್ "ಮೇಸ್ತ್ರಿ" ಎಂದು ಹೆಸರಿಟ್ಟರು. ಮೇಸ್ತ್ರಿ ಒಂದು ಸುತ್ತು ಹೊಡೆದರೆ ಇವರು ಒಂದು ಸಲ ಕಾಲೆತ್ತಬೇಕು. ನೋಡಲು ಬಂದ ಜನರಿಗೆ ಬರೀ "ಹೂಂ", ಮೀನಿಗೆ ಮಾತ್ರ ಊರಿನ ಸುದ್ದಿಯೆಲ್ಲ.

ಹಾಗಿರುವಾಗ ಮೀನಿನ ನೀರಿನ ಬಕೆಟ್ಟು ಸೀಳಿಹೋಯಿತು.

"ಹಿತ್ತಲಾಗೆ ನನ್ನ ನೀಲಿ ಡ್ರಮ್ಮು ಐತಲ್ಲ, ಅದನ್ನ ತಗಾ" ಎಂದರು ಬುಡನ್‌ಸಾಬ್.

"ಅದು ಅಡಿಕೆ ಔಷಧಿಗೆ ಮೈಲುತುತ್ತ, ಸುಣ್ಣ ಕಲಸ್ತಿದ್ದ ಡ್ರಮ್ಮು ಅಲ್ವಾ ಅಬ್ಬಾ?"

"ಅದಕ್ಕೇನೀಗ? ಗಟ್ಟಿ ಮಾಲು. ಸೋಪಿನ ಪುಡಿ ಹಾಕಿ ಉಜ್ಜು, ಫಳಫಳ ಆಗತೈತೆ."

ಸಾಜಿದಾ ಕೈ ನೋಯುವಷ್ಟು ಉಜ್ಜಿದಳು. ಡ್ರಮ್ಮು ಹೊಳೆಯಿತು. ಆ ನೀರು ತೊಟ್ಟಿಗೆ ಹೋಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚಿದವು. ಆಮೇಲೆ ಒಂದೊಂದಾಗಿ ಮಗುಚಿಕೊಂಡವು. ನೀರು ಕೆಟ್ಟಿರಬೇಕೆಂದು ಆಕೆ ಮತ್ತೆ ನೀರು ಬದಲಾಯಿಸಿದಳು, ಅದೇ ಡ್ರಮ್ಮಿನಿಂದ. ಇನ್ನಷ್ಟು ಸತ್ತವು.

ಬುಡನ್‌ಸಾಬ್ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಕಾಲು ಆಡಿಸುವುದು ನಿಂತಿತು. ಊಟದ ತಟ್ಟೆ ಹೋದ ಹಾಗೇ ವಾಪಸು ಬರತೊಡಗಿತು.

ಪಕ್ಕದ ಮನೆಯ ಗಿಡ್ಡಮ್ಮ ಬಂದು ತೊಟ್ಟಿ ನೋಡಿದಳು. "ದೃಷ್ಟಿ ತಾಗೈತೆ ಕಣವ್ವಾ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು."

"ಮೀನಿಗಾ ಗಿಡ್ಡಮ್ಮಾ?"

"ಹೂಂ ಮತ್ತೆ! ಅದಕ್ಕೆ ಕಣ್ಣು ಮುಚ್ಚಾಕೆ ಬರಲ್ಲ. ಊರೋರ ಕಣ್ಣೆಲ್ಲ ಅದರ ಮೇಲೇ ಬೀಳೋದು."

ಸಾಜಿದಾ ಮೀನಮೇಷ ಎಣಿಸುತ್ತ ಕೂರಲಿಲ್ಲ. ಮೇಷ ಮೊದಲೇ ಇರಲಿಲ್ಲ, ಮೀನೂ ಮುಗಿಯುತ್ತ ಬಂದಿತ್ತು. ಉಳಿದಿದ್ದು ಮೇಸ್ತ್ರಿ ಒಂದೇ. ಬಸ್ ಸ್ಟ್ಯಾಂಡಿನ ಹತ್ತಿರ ಸಾಕುವ ಮೀನಿನ ಅಂಗಡಿ ಇಟ್ಟಿರುವ ಜಾವೀದನನ್ನು ಕರೆತಂದಳು.

"ಬಂದೇನಪ್ಪಾ, ರೋಗದ ಮೀನು ಮಾರಿದೋನೆ?" ಗೋಡೆಗೆ ಮುಖ ಮಾಡಿಯೇ ಬುಡನ್‌ಸಾಬ್ ಕೇಳಿದರು.

"ರೋಗ ಇದ್ದಿದ್ರೆ ನನ್ನ ಅಂಗಡೀಲೇ ಸಾಯ್ತಿದ್ವು ಚಾಚಾ. ನಿಮ್ಮನೆ ತನಕ ಬಂದು ಸಾಯೋವಷ್ಟು ಮರ್ಯಾದೆ ಅವಕ್ಕಿಲ್ಲ" ಎಂದ ಜಾವೀದ್. "ಸಾಜಿದಾ, ನೀರು ಯಾವುದರಾಗೆ ತುಂಬಿಡ್ತೀಯ?"

ಡ್ರಮ್ಮು ನೋಡಿದವನೇ ಬಗ್ಗಿ ಮೂಸಿದ. ಒಳಗಿನ ಅಂಚಿನಲ್ಲಿ ಬೆರಳಾಡಿಸಿದ. ತಿಳಿ ನೀಲಿ ಪುಡಿ ಅಂಟಿತು.

"ಮೈಲುತುತ್ತದಾಗೆ ತಾಮ್ರ ಇರತೈತೆ. ಅಡಿಕೆಗೆ ಔಷಧಿ, ಮೀನಿಗೆ ವಿಷ. ಚೂರು ಸಾಕು."

"ತಳದಾಗೆ ತ್ರಿಕೋನದೊಳಗೆ ಎರಡು ನಂಬರ್ ಐತೆ ನೋಡೋ. ಒಳ್ಳೇ ಪ್ಲಾಸ್ಟಿಕ್ ಅಂತ ಅಂಗಡಿಯೋನೇ ಹೇಳಿದ್ದ!" ಬುಡನ್‌ಸಾಬ್ ಬಿಡಲಿಲ್ಲ.

"ಬೇರೆ ಕಡೆ ಎರಡು ನಂಬರ್ ಅಂದ್ರೆ ಕಳ್ಳಮಾಲು, ಪ್ಲಾಸ್ಟಿಕ್‌ನಾಗೆ ಒಳ್ಳೇದೇ ಚಾಚಾ. ಎರಡು, ಐದು ನೀರಿಗೆ ಆಗತಾವೆ. ಗ್ಲಾಸು, ಫೋರ್ಕಿನ ಗುರುತು ಇದ್ರೆ ತಿನ್ನೋ ಪದಾರ್ಥನೂ ಇಡಬಹುದು. ಆದ್ರೆ ನಂಬರ್ ಹೇಳೋದು ಡ್ರಮ್ಮಿನ ಹುಟ್ಟು ಮಾತ್ರ. ಹುಟ್ಟಿದ ಮೇಲೆ ಏನೇನು ಕುಡೀತು ಅಂತ ಹೇಳಲ್ಲ."

"ಸೋಪಿನ ಪುಡಿ ಹಾಕಿ ತಿಕ್ಕಿದೀನಿ ಅಣ್ಣಾ" ಎಂದಳು ಸಾಜಿದಾ.

"ಅದು ಇನ್ನೊಂದು ತಪ್ಪು. ಸೋಪು ಮೀನಿನ ಕಿವಿರು ಸುಡತೈತೆ. ಇದರಾಗೆ ಕುಡಿಯೋ ನೀರು ಹಿಡಿದಿಲ್ಲ ತಾನೆ?"

"ಇಲ್ಲ."

"ಬದುಕಿದ್ರಿ."

"ನಾನು ಅದನ್ನ ಬರಿಗೈಯಾಗೆ ಕಲಸಿದೋನು. ನನಗೇನಾತು?" ಬುಡನ್‌ಸಾಬ್ ಗುಡುಗಿದರು.

"ಕಲಸಿದ್ದು ಸರಿ ಚಾಚಾ. ಅದರಾಗೆ ಮುಳುಗಿ ಉಸಿರಾಡಿದ್ರಾ?"

ಬುಡನ್‌ಸಾಬ್ ಗೋಡೆಯಿಂದ ಮುಖ ತಿರುಗಿಸಿ ತೊಟ್ಟಿ ನೋಡಿದರು.

ಜಾವೀದ್ ಅಂಗಡಿಯಿಂದ ಮುಚ್ಚಳವಿರುವ ಹೊಸ ಬಕೆಟ್ಟು ತಂದ. ಬರೀ ನೀರಿನಲ್ಲಿ ತೊಳೆದ. ತೊಟ್ಟಿಯ ಹಳೆಯ ನೀರು ಚೆಲ್ಲಿ, ಅಂಗಡಿಯಲ್ಲಿ ಹಿಡಿದಿಟ್ಟಿದ್ದ ಒಳ್ಳೆಯ ನೀರನ್ನು ತಂದು ತುಂಬಿದ. "ನೋಡೋಣ" ಎಂದಷ್ಟೇ ಹೇಳಿ ಹೋದ.

ಬೆಳಿಗ್ಗೆ ಮೇಸ್ತ್ರಿಯೂ ತೇಲುತ್ತಿತ್ತು.

ಸಾಜಿದಾ ಅದನ್ನು ಅಪ್ಪನ ಕಣ್ಣಿಗೆ ಬೀಳದಂತೆ ತೆಗೆಯಲು ಹೋದಳು. "ಇಲ್ಲಿ ಕೊಡು" ಎಂದರು. ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ನಾನೇ ಕೊಂದೆ ಕಣಮ್ಮಾ. ಗಟ್ಟಿ ಮಾಲು ಅಂತ ನಾನೇ ಕೊಟ್ಟೆ."

"ಬೇರೆ ಮೀನು ತರಲಾ ಅಬ್ಬಾ?"

"ಈಗ ಬೇಡ. ಮೊದಲು ಆ ಡ್ರಮ್ಮಿಗೆ ತೂತು ಹೊಡಿ. ಇನ್ನು ಯಾರೂ ಅದರಾಗೆ ನೀರು ತುಂಬಬಾರದು." ಮತ್ತೆ ಹೇಳಿದರು: "ನನ್ನ ಜೊತೆ ಔಷಧಿ ಹೊಡೀತಿದ್ದ ನಾಗೇಂದ್ರಪ್ಪ ಇದಾನಲ್ಲ ಬಸವಾಪಟ್ಟಣದಾಗೆ, ಅವನ ಮನೇಲೂ ಇಂಥದೇ ಡ್ರಮ್ಮು ಐತೆ. ಎಮ್ಮೆಗೆ ನೀರು ಇಡ್ತಾರೆ. ಫೋನ್ ಹಚ್ಚು."

ಸಾಜಿದಾ ಫೋನು ಹಚ್ಚಿ ಅಪ್ಪನ ಕಿವಿಯ ಹತ್ತಿರ ಹಿಡಿದಳು. ಅವರು ಬೇಡವೆಂದು ತಲೆಯಾಡಿಸಿದರು.

"ಮೊದಲು ನನ್ನ ಎತ್ತಿ ಕೂರಿಸು. ಮಲಗಿಕೊಂಡು ಹೇಳಿದ್ರೆ ದನಿ ಹೊರಡಲ್ಲ. ಅವನು ನಂಬಲ್ಲ."

ಹಲ್ಲು ಕಚ್ಚಿಕೊಂಡು, ಮಗಳ ಹೆಗಲು ಹಿಡಿದು, ಬುಡನ್‌ಸಾಬ್ ಎದ್ದು ಕೂತರು. ಮೀನಿಲ್ಲದ ತೊಟ್ಟಿಯ ಎದುರಿಗೆ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮೀನಿದ್ದರೆ ಈಗಲೇ ಎದ್ದು ಅದರ ನೀರಿನ ಡಬ್ಬವನ್ನು ತಿರುಗಿಸಿ ನೋಡಿ. ಎರಡು ಅಥವಾ ಐದರ ಗುರುತಿರುವ, ಕುಡಿಯುವ ನೀರಿಗೆಂದೇ ಮಾಡಿದ ಹೊಸ ಡಬ್ಬವನ್ನೇ ಕೊಳ್ಳಿ. ಔಷಧಿ, ಬಣ್ಣ, ಫಿನಾಯಿಲ್ ಒಮ್ಮೆ ಕುಡಿದ ಡಬ್ಬ ಎಷ್ಟು ತೊಳೆದರೂ ಶುದ್ಧವಾಗುವುದಿಲ್ಲ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಮುಚ್ಚಿಟ್ಟ ಡಬ್ಬ ತೆರೆದಾಗ ವಾಸನೆ ಬಂದರೆ ಆ ನೀರು ಬೇಡ. ಸೋಪು ಮುಟ್ಟಿಸಬೇಡಿ, ಬಿಸಿಲಿಗೆ ಇಡಬೇಡಿ. ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಇದ್ದರೆ ಒಂದು ದಿನ ಡಬ್ಬದ ಮುಚ್ಚಳ ತೆಗೆದಿಟ್ಟು ಆಮೇಲೆ ತೊಟ್ಟಿಗೆ ಹಾಕಿ. ಔಷಧಿಯ ಹಳೆಯ ಡ್ರಮ್ಮಿಗೆ ತೂತು ಹೊಡೆದುಬಿಡಿ, ದನಕರುವಿಗೂ ಅದರಲ್ಲಿ ನೀರಿಡಬೇಡಿ.

ಮೀನು ಬಾಯಿ ತೆರೆದರೂ ಕೂಗು ಕೇಳಿಸುವುದಿಲ್ಲ. ಅದು ಬಾಯಿ ತೆರೆಯುವ ಮೊದಲೇ ನೀವು ಕಣ್ಣು ತೆರೆಯಿರಿ.